ಅಕ್ಕನ ಮಗ ಸರ್ಕಾರದ ಖರ್ಚು ಕಡಿತದ ತಂಡಕ್ಕೆ ಸೇರಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವನು. ಬ್ಯಾಂಕಿನಲ್ಲಿ 34 ವರ್ಷ ದುಡಿದು, ಬ್ರಾಂಚ್ ಮ್ಯಾನೇಜರ್ ಆಗಿ ನಿವೃತ್ತನಾದೆ. ನನ್ನ ಅಕ್ಕನ ಮಗ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, ಅಲ್ಲಿನ ಪ್ರಜೆ. ವಯಸ್ಸು 24. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಅವನಿರುವ ರಾಜ್ಯದ ಸರ್ಕಾರ ಖರ್ಚು ಕಡಿತಕ್ಕೆ ಒಂದು ತಂಡ ಕಟ್ಟುತ್ತಿದೆ, ಅದಕ್ಕೆ ಬಾ ಎಂದು ಕರೆದಿದ್ದಾರೆ. ಸರ್ಕಾರದ ಗುತ್ತಿಗೆಗಳನ್ನೆಲ್ಲ ಎಐ ಬಳಸಿ ಜಾಲಾಡಬೇಕಂತೆ. ಹುಡುಗ ಕುಣಿಯುತ್ತಿದ್ದಾನೆ. ಅಕ್ಕನಿಗೆ ನಿದ್ದೆ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಖರ್ಚು ಕಡಿತಕ್ಕೆ ಇಲಾನ್ ಮಸ್ಕ್ ನಡೆಸಿದ ಡೋಜ್ ತಂಡದಲ್ಲಿ ಇದ್ದ ಸಾಹಿಲ್ ಲವಿಂಗಿಯಾ ಎಂಬ ಎಂಜಿನಿಯರ್ ಬಗ್ಗೆ ಅವಳು ಓದಿದ್ದಾಳೆ. 'ಹೆಸರು ನೋಡಿದರೆ ನಮ್ಮ ಕಡೆಯವನೇ. ಮಾಜಿ ಸೈನಿಕರ ಆಸ್ಪತ್ರೆ ಗುತ್ತಿಗೆಗೆ ಕತ್ತರಿ ಹಾಕಿಸಿದನಂತೆ, ಕೊನೆಗೆ ಅವನನ್ನೇ ಹೊರಗೆ ಕಳಿಸಿದರಂತೆ. ನಮ್ಮ ಹುಡುಗನಿಗೂ ಹಾಗೇ ಆದರೆ?' ಅಂತ ದಿನಾ ಫೋನ್. ಆ ಹುಡುಗರು ನಿಜಕ್ಕೂ ತಪ್ಪು ಮಾಡಿದರಾ? ಸರ್ಕಾರದಲ್ಲಿ ದುಡ್ಡು ಪೋಲಾಗುವುದು ಸುಳ್ಳಾ? ಅಲ್ಲಿ 150 ವರ್ಷದವರಿಗೆ ಪಿಂಚಣಿ ಹೋಗುತ್ತಿತ್ತು ಅಂತ ಮಸ್ಕ್ ಅಂದರಲ್ಲ, ಅದೇನು? ಮುಂದೆ ನಮ್ಮ ಹುಡುಗನ ಮೇಲೆ ಕೇಸು ಬೀಳಬಹುದಾ? ಬೇಡ ಅನ್ನೋಣವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಕನ ಭಯ ಒಂದು, ಹುಡುಗನ ಆಸೆ ಇನ್ನೊಂದು, ನಡುವೆ ನೀವು. ನನಗೆ ಅರ್ಥವಾದ ಮಟ್ಟಿಗೆ ನಿಮ್ಮ ಚಿಂತೆ ಇಷ್ಟು: ಒಳ್ಳೆಯ ಹುಡುಗ, ಒಳ್ಳೆಯ ಉದ್ದೇಶ, ಆದರೆ ಬೇರೆಯವರ ಜಗಳದಲ್ಲಿ ಸಿಕ್ಕಿಹಾಕಿಕೊಂಡು ಹೆಸರು ಕೆಡಿಸಿಕೊಳ್ಳುತ್ತಾನಾ ಅಂತ. ಈ ಚಿಂತೆ ಸರಿಯಾದದ್ದೇ. ನಾನು 27 ವರ್ಷ ಸರ್ಕಾರಿ ಲೆಕ್ಕಪತ್ರ, ಆಡಿಟ್ ಮತ್ತು ಅದಕ್ಕೆ ಬೇಕಾದ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದವನು. ನಿಮ್ಮ ಅಕ್ಕನ ಮಗ ಮಾಡಲಿರುವಂಥ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ನಾನೂ ಮಾಡಿದ್ದೇನೆ. ಅದರಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಲವಿಂಗಿಯಾ ವಿಷಯ ನೋಡೋಣ. ಅರ್ಧಂಬರ್ಧ ಕೇಳಿದರೆ ಅದು ಬೇರೆಯೇ ಕತೆ ಆಗಿಬಿಡುತ್ತದೆ.

ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ, 2025ರ ಜನವರಿ 20ರಂದು, ಆದೇಶ ಹೊರಡಿಸಿ ಡೋಜ್ ಶುರು ಮಾಡಿದರು. ಹೊಸ ಇಲಾಖೆ ಏನೂ ಹುಟ್ಟಲಿಲ್ಲ. ಮೊದಲೇ ಇದ್ದ ಡಿಜಿಟಲ್ ಸರ್ವಿಸ್ ಎಂಬ ಕಚೇರಿಯ ಹೆಸರು ಬದಲಾಯಿತು. ಆ ಹಳೇ ಕಚೇರಿಯ ಹಿನ್ನೆಲೆ ತಿಳಿದುಕೊಳ್ಳುವಂಥದ್ದು. 2013ರಲ್ಲಿ ಒಬಾಮಾ ಸರ್ಕಾರದ ಆರೋಗ್ಯ ವಿಮೆ ವೆಬ್‌ಸೈಟ್ ಶುರುವಾದ ದಿನವೇ ಕುಸಿಯಿತು. ಅದನ್ನು ಎಬ್ಬಿಸಿ ನಿಲ್ಲಿಸಲು ಕಂಪನಿಗಳಿಂದ ಎಂಜಿನಿಯರುಗಳನ್ನು ಕರೆಸಿದರು. ಆ ಅನುಭವದ ಮೇಲೆ 2014ರಲ್ಲಿ ಈ ಕಚೇರಿ ಬಂತು. ಅಂದರೆ ಯುವ ಎಂಜಿನಿಯರುಗಳನ್ನು ಸರ್ಕಾರಕ್ಕೆ ಕರೆಸುವುದು ಹೊಸದಲ್ಲ. ಆಗ ಕರೆಸಿದ್ದು ರಿಪೇರಿಗೆ, ಈ ಸಲ ಕರೆಸಿದ್ದು ಕಡಿತಕ್ಕೆ.

ಲವಿಂಗಿಯಾ ಗಮ್‌ರೋಡ್ ಎಂಬ ಕಂಪನಿ ಕಟ್ಟಿದವರು. 2025ರ ಮಾರ್ಚ್‌ನಲ್ಲಿ ಸಂಬಳ ಇಲ್ಲದೆ ಮಾಜಿ ಸೈನಿಕರ ಇಲಾಖೆಗೆ ಬಂದರು. ಇದು ಸಣ್ಣ ಇಲಾಖೆ ಅಲ್ಲ. ಸುಮಾರು 90 ಲಕ್ಷ ಮಾಜಿ ಸೈನಿಕರಿಗೆ ಚಿಕಿತ್ಸೆ ನೋಡಿಕೊಳ್ಳುತ್ತದೆ, ಆಗ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ನೌಕರರಿದ್ದರು. ಆಗಷ್ಟೇ, ಫೆಬ್ರವರಿ 26ರಂದು, ಇನ್ನೊಂದು ಆದೇಶ ಬಂದಿತ್ತು. ಎಲ್ಲ ಇಲಾಖೆಗಳೂ 30 ದಿನದೊಳಗೆ ತಮ್ಮ ಗುತ್ತಿಗೆಗಳನ್ನು ಪರಿಶೀಲಿಸಬೇಕು ಅಂತ. ಸಾವಿರಾರು ಗುತ್ತಿಗೆ, ಒಂದು ತಿಂಗಳು. ಲವಿಂಗಿಯಾ ಬಂದ ಕೂಡಲೇ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದರು. ಗುತ್ತಿಗೆ ಪತ್ರವನ್ನು ಎಐಗೆ ಕೊಡುವುದು, ಅದು ಬೇಕಾ ಬೇಡವಾ ಎಂದು ಕೇಳುವುದು. ಬೇಡ ಅನ್ನಿಸಿದ್ದಕ್ಕೆ 'ಮಂಚಬಲ್' ಎಂದು ಗುರುತು. ಅಂದರೆ ತಿಂದುಹಾಕಬಹುದಾದದ್ದು. ಹೀಗೆ 2,000ಕ್ಕೂ ಜಾಸ್ತಿ ಗುತ್ತಿಗೆಗಳಿಗೆ ಗುರುತು ಬಿತ್ತು.

ಜೂನ್ ತಿಂಗಳಲ್ಲಿ ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆ ಆ ಕೋಡ್ ಹೇಗೆ ಕೆಲಸ ಮಾಡಿತು ಎಂದು ಬಿಡಿಸಿ ಬರೆಯಿತು. ಅಲ್ಲಿ ಸಿಕ್ಕಿದ್ದನ್ನು ನೀವು ಬ್ಯಾಂಕಿನವರಾಗಿ ನೋಡಿ. ಸ್ಕ್ರಿಪ್ಟ್ ಓದುತ್ತಿದ್ದದ್ದು ಪ್ರತಿ ಗುತ್ತಿಗೆಯ ಮೊದಲ 10,000 ಅಕ್ಷರಗಳನ್ನು ಮಾತ್ರ. ಸರ್ಕಾರಿ ಗುತ್ತಿಗೆಯ ಮೊದಲ ಪುಟಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಫಾರ್ಮು, ವಿಳಾಸ, ನಂಬರು, ಷರತ್ತು. ಸಾಲದ ಫೈಲಿನ ಮೇಲಿನ ನಾಲ್ಕು ಹಾಳೆ ನೋಡಿ ಸಾಲ ಕೊಡಬೇಕೋ ಬೇಡವೋ ಎಂದು ಯಾವ ಮ್ಯಾನೇಜರ್ ತಾನೇ ಹೇಳುತ್ತಾನೆ? ಇನ್ನು ಮೊತ್ತ. ಸುಮಾರು 1,100 ಗುತ್ತಿಗೆಗಳಿಗೆ ತಲಾ 3.4 ಕೋಟಿ ಡಾಲರ್ ಬೆಲೆ ಎಂದು ಎಐ ಬರೆದಿತ್ತು. ಅದರಲ್ಲಿ ಕೆಲವು ನಿಜವಾಗಿ 35,000 ಡಾಲರಿನವು. 'ಇದನ್ನು ಇಲಾಖೆಯ ನೌಕರರೇ ಮಾಡಿಕೊಳ್ಳಬಹುದಾ' ಎಂದೂ ಎಐಯನ್ನು ಕೇಳಲಾಗಿತ್ತು. ಇಲಾಖೆಯಲ್ಲಿ ಯಾರಿದ್ದಾರೆ, ಅವರಿಗೆ ಏನು ಬರುತ್ತದೆ ಎಂಬ ಮಾಹಿತಿಯನ್ನೇ ಅದಕ್ಕೆ ಕೊಟ್ಟಿರಲಿಲ್ಲ.

ಗುರುತು ಬಿದ್ದು, ಆಮೇಲೆ ರದ್ದಾದ ಗುತ್ತಿಗೆಗಳಲ್ಲಿ ಒಂದು ಯಾವುದು ಗೊತ್ತಾ? ಕ್ಯಾನ್ಸರ್ ಚಿಕಿತ್ಸೆ ಸುಧಾರಿಸಲು ಬಳಸುವ ಜೀನ್ ಪರೀಕ್ಷೆಯ ಯಂತ್ರವನ್ನು ಸುಸ್ಥಿತಿಯಲ್ಲಿ ಇಡುವ ಗುತ್ತಿಗೆ. ನಮ್ಮ ಭಾಷೆಯಲ್ಲಿ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಗುತ್ತಿಗೆ. ನಿಮ್ಮ ಬ್ರಾಂಚಿನ ಜನರೇಟರಿಗೂ ಎಎಂಸಿ ಇತ್ತಲ್ಲ. ವರ್ಷಕ್ಕೆ ನಾಲ್ಕು ಸಲ ಒಬ್ಬ ಬಂದು, ಆಯಿಲ್ ನೋಡಿ, ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಕಾಗದದಲ್ಲಿ ನೋಡಿದರೆ ಗ್ರಾಹಕನಿಗೂ ಅವನಿಗೂ ಏನೂ ಸಂಬಂಧ ಇಲ್ಲ. ಕರೆಂಟು ಹೋದ ದಿನ ಕೌಂಟರಿನ ಮುಂದೆ ಐವತ್ತು ಜನ ನಿಂತಾಗ ಗೊತ್ತಾಗುತ್ತದೆ ಅವನು ಯಾರು ಅಂತ. ರೋಗಿಯ ನೇರ ಆರೈಕೆಯಿಂದ ಎಷ್ಟು ದೂರ ಇದೆ ಎಂದು ಅಳೆದು ಕಡಿತ ಮಾಡಿದರೆ ಮೊದಲು ಹೋಗುವುದು ಇಂಥವೇ.

ಇಷ್ಟಾದರೂ ಲವಿಂಗಿಯಾ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ತಪ್ಪುಗಳಾಗಿವೆ ಎಂದು ಅವರು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ತನ್ನ ಕೋಡ್ ಹೇಳಿದಂತೆ ಯಾರೂ ನೇರವಾಗಿ ಮಾಡಬಾರದು, ಮನುಷ್ಯರು ಕೂತು ನೋಡಲೇಬೇಕು ಎಂದರು. ಕೋಡನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಟ್ಟರು. ಅಂತಿಮ ತೀರ್ಮಾನಕ್ಕೆ ಮೊದಲು ನಮ್ಮವರು ಹಲವು ಹಂತದಲ್ಲಿ ನೋಡಿದ್ದಾರೆ ಎಂದು ಇಲಾಖೆಯೂ ಹೇಳಿತು. ಇನ್ನೊಂದು ಮಾತನ್ನೂ ಲವಿಂಗಿಯಾ ಹೇಳಿದರು. ಸರ್ಕಾರದಲ್ಲಿ ತಾನು ಅಂದುಕೊಂಡಷ್ಟು ಪೋಲು ಕಾಣಲಿಲ್ಲ, ಕೆಲಸ ಮಾಡುವವರು ಚೆನ್ನಾಗಿಯೇ ಮಾಡುತ್ತಿದ್ದರು ಎಂದು. ಒಬ್ಬ ಪತ್ರಕರ್ತರ ಜೊತೆ ಈ ಧಾಟಿಯಲ್ಲಿ ಮಾತಾಡಿದ ಸ್ವಲ್ಪ ದಿನದಲ್ಲೇ, 55 ದಿನಕ್ಕೆ, ಅವರ ಕೆಲಸ ಮುಗಿಯಿತು. ಅಂದರೆ ಅವರನ್ನು ಹೊರಗೆ ಕಳಿಸಿದ್ದು ಕೋಡ್ ಕೆಟ್ಟದಾಗಿದ್ದಕ್ಕೆ ಎಂದು ಕಾಣುವುದಿಲ್ಲ. ನಿಮ್ಮ ಅಕ್ಕನಿಗೆ ಇದನ್ನು ಹೇಳಿ.

ಹಾಗಾದರೆ ತಪ್ಪು ಎಲ್ಲಿ? ನಿಮಗೆ ಒಂದೇ ಪದದಲ್ಲಿ ಹೇಳಬಹುದು: ಚೆಕರ್. ಬ್ಯಾಂಕಿನಲ್ಲಿ ಒಬ್ಬ ಎಂಟ್ರಿ ಹಾಕುತ್ತಾನೆ, ಇನ್ನೊಬ್ಬ ಪಾಸ್ ಮಾಡುತ್ತಾನೆ. ಮೇಕರ್ ಬೇರೆ, ಚೆಕರ್ ಬೇರೆ. ಮೇಕರ್ 22 ವರ್ಷದ ಹುಡುಗನೇ ಆಗಿರಲಿ, ನಿನ್ನೆ ಸೇರಿದವನೇ ಆಗಿರಲಿ, ತೊಂದರೆ ಇಲ್ಲ. ಚೆಕರ್‌ಗೆ ವಿಷಯ ಗೊತ್ತಿರಬೇಕು, ಸಮಯ ಇರಬೇಕು, 'ಇಲ್ಲ, ಇದು ಸರಿ ಇಲ್ಲ' ಎನ್ನುವ ಧೈರ್ಯ ಇರಬೇಕು. 2025ರ ಆ ತಿಂಗಳುಗಳಲ್ಲಿ ಏನಾಯಿತು ನೋಡಿ. ಜನವರಿ 24ರಂದು ಹದಿನೈದಕ್ಕೂ ಜಾಸ್ತಿ ಇಲಾಖೆಗಳ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಂದೇ ರಾತ್ರಿ ತೆಗೆದರು. ಪೋಲು, ಮೋಸ ಹುಡುಕುವುದೇ ಅವರ ಕೆಲಸವಾಗಿತ್ತು. ಜನವರಿ 28ರಂದು ಲಕ್ಷಾಂತರ ನೌಕರರಿಗೆ 'ಬೇಕಾದರೆ ರಾಜೀನಾಮೆ ಕೊಡಿ' ಎಂಬ ಇಮೇಲ್ ಹೋಯಿತು. ಕುರ್ಚಿಯೇ ಅಲುಗಾಡುತ್ತಿರುವಾಗ ಯಾವ ಅಧಿಕಾರಿ ಪಟ್ಟಿ ಹಿಡಿದು 'ಇದನ್ನು ತೆಗೆಯಬೇಡಿ' ಎನ್ನುತ್ತಾನೆ? ಕಾಗದದ ಮೇಲೆ ಚೆಕರ್ ಇದ್ದ. ನಿಜದಲ್ಲಿ ಅವನ ಬಾಯಿ ಕಟ್ಟಿತ್ತು.

ಈಗ ನನ್ನ ತಪ್ಪಿನ ವಿಷಯ. ಬಹಳ ವರ್ಷದ ಹಿಂದೆ ಒಂದು ತಾಲ್ಲೂಕಿನ ವಿಧವಾ ವೇತನ, ವೃದ್ಧಾಪ್ಯ ವೇತನದ ಪಟ್ಟಿಯನ್ನು ಶುದ್ಧ ಮಾಡುವ ಕೆಲಸ ಬಂತು. ಒಬ್ಬರೇ ಎರಡು ಸಲ ಹಣ ತೆಗೆದುಕೊಳ್ಳುತ್ತಿದ್ದಾರೆ ಎಂಬ ದೂರಿತ್ತು. ಅದು ಸುಳ್ಳೂ ಆಗಿರಲಿಲ್ಲ. ನಾನು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಹೆಸರು ಒಂದೇ, ಊರು ಒಂದೇ, ಹುಟ್ಟಿದ ದಿನ ಒಂದೇ ಆಗಿದ್ದರೆ ಅದು ಡೂಪ್ಲಿಕೇಟ್. ಒಂದನ್ನು ತಡೆಹಿಡಿ. ಸಂಜೆಯೊಳಗೆ ನೂರಾರು ಹೆಸರು ಬಂತು. ಮೇಲಿನವರಿಗೆ ಖುಷಿ, ನನಗೂ ಖುಷಿ.

ಹುಟ್ಟಿದ ದಿನ ಗೊತ್ತಿಲ್ಲದೆ ಅಂದಾಜಿನಲ್ಲಿ ವಯಸ್ಸು ಬರೆಸಿದವರಿಗೆಲ್ಲ ಜನವರಿ 1 ಎಂದು ದಾಖಲಾಗಿರುತ್ತದೆ. ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಐದು ತಿಂಗಳಾದ ಮೇಲೆ ಒಬ್ಬ ಅಜ್ಜಿ ಕಚೇರಿಗೆ ಬಂದರು. ಎಲೆ ಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. 'ದುಡ್ಡು ಬಂದಿಲ್ಲ ಸ್ವಾಮಿ, ಔಷಧಿ ಅಂಗಡಿಯವನು ಸಾಲ ಕೊಡಲ್ಲ ಅಂತಾನೆ' ಎಂದರು. ಹೆಸರು ಲಕ್ಷ್ಮಮ್ಮ. ನಾನು ಗ್ರಾಮ ಲೆಕ್ಕಿಗರಿಗೆ ಫೋನ್ ಮಾಡಿದೆ. 'ಸಾರ್, ಈ ಊರಲ್ಲಿ ಲಕ್ಷ್ಮಮ್ಮ ಆರು ಜನ ಇದ್ದಾರೆ. ಇಬ್ಬರು ಒಂದೇ ಬೀದಿ, ಇಬ್ಬರೂ ಒಂದೇ ವಾರಿಗೆಯವರು. ನನ್ನನ್ನ ಕೇಳಿದ್ರೆ ಎರಡು ನಿಮಿಷದಲ್ಲಿ ಹೇಳ್ತಿದ್ದೆ' ಎಂದರು. ಆ ಎರಡು ನಿಮಿಷ ನಾನು ಕೊಟ್ಟಿರಲಿಲ್ಲ. ಪಟ್ಟಿ ಅವರ ಕೈಗೆ ಹೋಗುವ ಮೊದಲೇ ಹಣ ನಿಂತಿತ್ತು. ಆ ಪಾಸ್‌ಬುಕ್ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, 150 ವರ್ಷದವರ ಪಿಂಚಣಿ ವಿಷಯವೂ ಇದೇ ಜಾತಿಯದು. ಅಮೆರಿಕದಲ್ಲಿ ವೃದ್ಧರ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ದಾಖಲೆಯಲ್ಲಿ 1920 ಅಥವಾ ಅದಕ್ಕೂ ಮೊದಲು ಹುಟ್ಟಿದ, ಆದರೆ ಸಾವಿನ ದಿನಾಂಕ ನಮೂದಾಗದ ಸುಮಾರು 1.89 ಕೋಟಿ ನಂಬರುಗಳು ಇದ್ದವು. ಇದು ನಿಜ. ಇದನ್ನು ಕಂಡುಹಿಡಿದದ್ದು ಡೋಜ್ ಅಲ್ಲ. ಅದೇ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2023ರಲ್ಲೇ ವರದಿ ಕೊಟ್ಟಿದ್ದರು. ಅವರಲ್ಲಿ ಹೆಚ್ಚುಕಡಿಮೆ ಯಾರಿಗೂ ಹಣ ಹೋಗುತ್ತಿಲ್ಲ ಎಂಬುದೂ ಅದೇ ವರದಿಯಲ್ಲಿತ್ತು. ಹಣ ಪಡೆಯುತ್ತಿದ್ದವರು ಸುಮಾರು 44,000. ನೂರರ ಆಸುಪಾಸಿನಲ್ಲಿ ಅಷ್ಟು ಜನ ಬದುಕಿರುವುದು ಆ ದೇಶದಲ್ಲಿ ವಿಶೇಷ ಏನಲ್ಲ. 115 ವರ್ಷ ದಾಟಿದ ದಾಖಲೆಗೆ ಪಾವತಿ ತಾನಾಗಿಯೇ ನಿಲ್ಲುವ ಏರ್ಪಾಡು 2015ರಿಂದಲೇ ಇದೆ.

ನಮ್ಮ ಕಡೆ ಪಹಣಿ ನೋಡಿದ್ದೀರಲ್ಲ. ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಗಿರುತ್ತದೆ, ಪಹಣಿಯಲ್ಲಿ ಇನ್ನೂ ಅಜ್ಜನದೇ ಹೆಸರು. ಯಾಕೆ? ಪೌತಿ ಖಾತೆ ಆಗಿಲ್ಲ. ಹೊರಗಿನವನೊಬ್ಬ ಆ ಪಹಣಿ ನೋಡಿ '130 ವರ್ಷದ ಮುದುಕ ಬೆಳೆ ಸಾಲ ಎತ್ತುತ್ತಿದ್ದಾನೆ' ಅಂದರೆ ಹೇಗಿರುತ್ತದೆ? ದಾಖಲೆ ಸರಿ ಇಲ್ಲ ಎನ್ನುವುದು ಒಂದು ಮಾತು, ದುಡ್ಡು ಹೋಗುತ್ತಿದೆ ಎನ್ನುವುದು ಬೇರೆ ಮಾತು. ಎರಡನ್ನೂ ಒಂದು ಮಾಡಿದ್ದರಿಂದ ಅಲ್ಲಿನ ಎಷ್ಟೋ ವಯಸ್ಸಾದವರು ತಮ್ಮ ಪಿಂಚಣಿಗೆ ಏನಾಗುತ್ತದೋ ಎಂದು ಹೆದರಿದರು.

ಹಾಗಂತ ಪೋಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಮೆರಿಕದ ಲೆಕ್ಕ ಪರಿಶೋಧನಾ ಸಂಸ್ಥೆ ಜಿಎಒ ಪ್ರಕಾರ 2024ರ ಆರ್ಥಿಕ ವರ್ಷದಲ್ಲಿ ಸರಿಯಲ್ಲದ ಪಾವತಿಗಳು ಸುಮಾರು 16,200 ಕೋಟಿ ಡಾಲರ್. ಇದರಲ್ಲಿ ಬಹುಪಾಲು ಬರುವುದು ಆರೋಗ್ಯ ವಿಮೆ, ತೆರಿಗೆ ರಿಯಾಯಿತಿ, ಆಹಾರ ನೆರವು ಇಂಥ ಕೆಲವೇ ಯೋಜನೆಗಳಿಂದ. 'ಸರಿಯಲ್ಲದ' ಅಂದರೆ ಎಲ್ಲವೂ ಕಳ್ಳತನ ಅಲ್ಲ. ಒಂದು ಕಾಗದ ಕಡಿಮೆ ಇದ್ದರೂ, ಕೊಡಬೇಕಾದ್ದಕ್ಕಿಂತ ಕಮ್ಮಿ ಕೊಟ್ಟರೂ ಈ ಲೆಕ್ಕಕ್ಕೆ ಸೇರುತ್ತದೆ. ಮೋಸವೂ ಇದೆ, ದೊಡ್ಡದಾಗಿಯೇ ಇದೆ. ಅದನ್ನು ಹಿಡಿಯಲು ಒಳ್ಳೆಯ ಎಂಜಿನಿಯರುಗಳು ಬೇಕೇ ಬೇಕು. ನಿಮ್ಮ ಹುಡುಗನ ಉತ್ಸಾಹಕ್ಕೆ ಬುಡ ಇಲ್ಲದೆ ಇಲ್ಲ.

ಆದರೆ ಉಳಿತಾಯದ ಮಾತು ಎಲ್ಲಿಂದ ಎಲ್ಲಿಗೆ ಬಂತು ನೋಡಿ. 2024ರ ಚುನಾವಣೆ ಹೊತ್ತಿಗೆ ಮಸ್ಕ್ ಹೇಳಿದ್ದು 2 ಲಕ್ಷ ಕೋಟಿ ಡಾಲರ್. ಆಮೇಲೆ 1 ಲಕ್ಷ ಕೋಟಿ. 2025ರ ಏಪ್ರಿಲ್‌ನಲ್ಲಿ 15,000 ಕೋಟಿ. ಯಾಕೆ ಹೀಗಾಯಿತು? 2024ರ ಆರ್ಥಿಕ ವರ್ಷದಲ್ಲಿ ಆ ದೇಶದ ಕೇಂದ್ರ ಸರ್ಕಾರದ ಖರ್ಚು ಸುಮಾರು 6.75 ಲಕ್ಷ ಕೋಟಿ ಡಾಲರ್. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹಣ ವೃದ್ಧರ ಪಿಂಚಣಿ, ಆರೋಗ್ಯ, ರಕ್ಷಣೆ ಮತ್ತು ಸಾಲದ ಬಡ್ಡಿಗೆ ಹೋಗುತ್ತದೆ. ಇವನ್ನು ಮುಟ್ಟಬೇಕಾದರೆ ಸಂಸತ್ತು ಕಾನೂನು ಬದಲಿಸಬೇಕು. ಲ್ಯಾಪ್‌ಟಾಪ್ ಹಿಡಿದ ಹುಡುಗರ ಕೈಗೆ ಸಿಗುವುದು ಉಳಿದ ಚೂರು: ನೌಕರರು, ಗುತ್ತಿಗೆ, ಅನುದಾನ. ಸಿವಿಲ್ ನೌಕರರ ಸಂಬಳ ಇಡೀ ಖರ್ಚಿನಲ್ಲಿ ನೂರಕ್ಕೆ ಐದರ ಹತ್ತಿರ ಅಷ್ಟೇ. 2025ರ ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಒಟ್ಟು ಖರ್ಚು ಕಮ್ಮಿ ಆಗಲಿಲ್ಲ, ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಯಿತು.

ಉಳಿಸಿದೆವು ಎಂದು ಅವರು ವೆಬ್‌ಸೈಟಿನಲ್ಲಿ ಹಾಕಿದ ಲೆಕ್ಕದಲ್ಲೂ ತೊಂದರೆ ಇತ್ತು. 80 ಲಕ್ಷ ಡಾಲರಿನ ಒಂದು ಗುತ್ತಿಗೆ 800 ಕೋಟಿ ಡಾಲರ್ ಎಂದು ನಮೂದಾಗಿತ್ತು. ಸೊನ್ನೆ ತಪ್ಪನ್ನು ತಿದ್ದಬಹುದು, ತಿದ್ದಿದರು. ಲೆಕ್ಕ ಹಾಕುವ ವಿಧಾನವೇ ಸರಿ ಇರಲಿಲ್ಲ ಎನ್ನುವುದು ದೊಡ್ಡದು. ಗುತ್ತಿಗೆಯ ಗರಿಷ್ಠ ಮಿತಿಯನ್ನೇ ಖರ್ಚು ಎಂದು ಹಿಡಿದರು. ಒಬ್ಬ ವ್ಯಾಪಾರಿಗೆ 50 ಲಕ್ಷದ ಓಡಿ ಲಿಮಿಟ್ ಕೊಟ್ಟಿದ್ದೀರಿ, ಅಂದರೆ ಬೇಕಾದಾಗ ಅಷ್ಟರ ತನಕ ಸಾಲ ತೆಗೆಯಬಹುದು, ಅವನು ತೆಗೆದದ್ದು 6 ಲಕ್ಷ. ಲಿಮಿಟ್ ರದ್ದು ಮಾಡಿ 'ಬ್ಯಾಂಕಿಗೆ 44 ಲಕ್ಷ ಉಳಿಸಿದೆ' ಎಂದು ಹೆಡ್ ಆಫೀಸಿಗೆ ಬರೆದರೆ ಒಪ್ಪುತ್ತಾರಾ? ಭಾರತದ ಮತದಾನ ಹೆಚ್ಚಿಸಲು 2.1 ಕೋಟಿ ಡಾಲರ್ ಕೊಡುತ್ತಿದ್ದರು, ಅದನ್ನು ನಿಲ್ಲಿಸಿದೆವು ಎಂದು 2025ರ ಫೆಬ್ರವರಿಯಲ್ಲಿ ಹೇಳಿದರಲ್ಲ, ನಮ್ಮ ಟಿವಿಗಳಲ್ಲೂ ಅದು ಬಿಸಿಬಿಸಿ ಚರ್ಚೆ ಆಯಿತು. ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ದಾಖಲೆ ತೆಗೆದು ನೋಡಿದಾಗ ಆ ಹಣ ಬಾಂಗ್ಲಾದೇಶದ ಲೆಕ್ಕದ್ದು ಎಂದು ಕಂಡಿತು.

ಇನ್ನು ಕೇಸಿನ ಭಯ. ಇದಕ್ಕೆ ಲವಿಂಗಿಯಾಗಿಂತ ಮಾರ್ಕೊ ಎಲೆಜ್ ಎಂಬ 25 ವರ್ಷದ ಎಂಜಿನಿಯರ್ ಉದಾಹರಣೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರು ಅಮೆರಿಕದ ಖಜಾನೆಯ ಪಾವತಿ ವ್ಯವಸ್ಥೆಗೆ ಹೋದವರು. ವರ್ಷಕ್ಕೆ 5 ಲಕ್ಷ ಕೋಟಿ ಡಾಲರಿಗೂ ಜಾಸ್ತಿ ಹಣ ಹಾದುಹೋಗುವ ಜಾಗ ಅದು. ಅವರಿಗೆ ನೋಡುವ ಅನುಮತಿ ಮಾತ್ರ ಇದೆ ಎಂದು ಖಜಾನೆಯ ಅಧಿಕಾರಿಗಳು ಮೊದಲು ಹೇಳಿದರು. ಒಂದು ಸಿಸ್ಟಂನಲ್ಲಿ ಸ್ವಲ್ಪ ಕಾಲ ಬದಲಾಯಿಸುವ ಅನುಮತಿಯೂ ತಪ್ಪಾಗಿ ಸಿಕ್ಕಿತ್ತು ಎಂದು ಆಮೇಲೆ ಕೋರ್ಟಿನಲ್ಲಿ ಒಪ್ಪಿಕೊಂಡರು. ಅವರು ಅದನ್ನು ಬಳಸಿ ಏನೂ ಬದಲಾಯಿಸಿಲ್ಲ ಎಂದೂ ಅಧಿಕಾರಿಗಳು ಹೇಳಿದರು. ಆದ್ದರಿಂದ 'ಹುಡುಗರು ಖಜಾನೆಯ ಕೋಡನ್ನೇ ತಿರುಚಿದರು' ಎಂಬ ಮಾತಿಗೆ ಆಧಾರ ಇಲ್ಲ. ಆದರೆ ಜನರ ವೈಯಕ್ತಿಕ ವಿವರ ಇದ್ದ ಒಂದು ಸ್ಪ್ರೆಡ್‌ಶೀಟನ್ನು ಅವರು ಇನ್ನೊಂದು ಕಚೇರಿಯವರಿಗೆ ಗೂಢಲಿಪಿ ಇಲ್ಲದೆ, ಅನುಮತಿ ಪಡೆಯದೆ ಇಮೇಲ್ ಮಾಡಿದ್ದು ಕೋರ್ಟಿನ ಕಾಗದಗಳಲ್ಲಿ ಬಂತು. ಕಂಪನಿಯಲ್ಲಿ ದಿನಕ್ಕೆ ಹತ್ತು ಸಲ ಫೈಲ್ ಕಳಿಸುವ ಅಭ್ಯಾಸ ಇರುವ ಹುಡುಗನಿಗೆ ಇದು ತಪ್ಪು ಎಂದೇ ಅನ್ನಿಸುವುದಿಲ್ಲ. ಸರ್ಕಾರದಲ್ಲಿ ಅದು ಪ್ರಮಾಣಪತ್ರವಾಗಿ ನ್ಯಾಯಾಧೀಶರ ಮುಂದೆ ಹೋಗುತ್ತದೆ.

ಅದೇ ವ್ಯಕ್ತಿಯ ಹಳೇ ಪೋಸ್ಟ್‌ಗಳು ಪತ್ರಿಕೆಯಲ್ಲಿ ಬಂದವು. ಭಾರತೀಯರನ್ನು ದ್ವೇಷಿಸುವುದನ್ನು ಮಾಮೂಲಿ ಮಾಡಬೇಕು ಎಂಬ ಅರ್ಥದ್ದೂ ಅದರಲ್ಲಿತ್ತು. ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು, ಉಪಾಧ್ಯಕ್ಷ ವ್ಯಾನ್ಸ್ ಪರವಾಗಿ ಮಾತಾಡಿದ ಮೇಲೆ ವಾಪಸ್ ಬಂದರು. ನನಗೆ ಆ ವಾಪಸಾತಿ ಸರಿ ಅನ್ನಿಸಲಿಲ್ಲ. ನಿಮ್ಮ ಹುಡುಗನಿಗೆ ಸಂಬಂಧಪಟ್ಟ ವಿಷಯ ಬೇರೆ: ಇಂಥ ತಂಡಕ್ಕೆ ಸೇರಿದ ದಿನವೇ ಹೆಸರು, ಫೋಟೋ, ಕಾಲೇಜಿನಲ್ಲಿ ಬರೆದದ್ದು ಎಲ್ಲ ಹೊರಗೆ ಬರುತ್ತದೆ. ಅಕ್ಕ-ಭಾವ ಇದಕ್ಕೆ ತಯಾರಿರಬೇಕು.

ಕಾನೂನಿನ ಮಟ್ಟಿಗೆ ಹೇಳುವುದಾದರೆ, ಕೇಂದ್ರ ಸರ್ಕಾರದಲ್ಲಿ 1974ರ ಪ್ರೈವಸಿ ಆಕ್ಟ್ ಇದೆ. ಗೊತ್ತಿದ್ದೂ ಬೇಕಂತಲೇ ಜನರ ಮಾಹಿತಿ ಕೊಡಬಾರದವರಿಗೆ ಕೊಟ್ಟರೆ ಅದು ಅಪರಾಧ, 5,000 ಡಾಲರ್ ತನಕ ದಂಡ. ತನಗೆ ಲಾಭ ಇರುವ ಕಂಪನಿಯ ವಿಷಯದಲ್ಲಿ ತೀರ್ಮಾನ ಮಾಡುವುದೂ ಅಪರಾಧವೇ. ರಾಜ್ಯ ಸರ್ಕಾರಗಳಲ್ಲಿ ಆಯಾ ರಾಜ್ಯದ ಕಾನೂನು. ಸಾಮಾನ್ಯವಾಗಿ ಕೆಲಸದ ಮಿತಿಯೊಳಗೆ ಮಾಡಿದ್ದಕ್ಕೆ ಸರ್ಕಾರವೇ ವಕೀಲರನ್ನು ಇಟ್ಟು ನಿಲ್ಲುತ್ತದೆ. ಮಿತಿ ದಾಟಿದ್ದಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಮಿತಿ ಏನು ಎಂಬುದು ಬರಹದಲ್ಲಿ ಇರಬೇಕು.

ಈಗ ಏನು ಮಾಡಬಹುದು? ಸೇರಲಿ ಎನ್ನುವುದಾದರೆ ಮೊದಲು ಹುಡುಗ ಕೆಲವು ವಿಷಯ ಕೇಳಲಿ. ನಾನು ಪಟ್ಟಿ ಮಾಡುತ್ತೇನಾ, ತೀರ್ಮಾನ ಮಾಡುತ್ತೇನಾ? ರದ್ದು ಆದೇಶಕ್ಕೆ ಸಹಿ ಯಾರದು? ನನ್ನ ಪಟ್ಟಿಯನ್ನು ಆ ಗುತ್ತಿಗೆ ನಡೆಸುವ ಅಧಿಕಾರಿ ನೋಡುತ್ತಾರಾ, ಅವರಿಗೆ ಎಷ್ಟು ದಿನ ಕೊಡುತ್ತೀರಿ? ಅವರು ಬೇಡ ಅಂದರೆ ಅದು ನಿಲ್ಲುತ್ತಾ? ಮೂಲ ದತ್ತಾಂಶ ನೋಡಲು ಮಾತ್ರ ಅನುಮತಿ ಕೊಡಿ, ಬದಲಾಯಿಸುವ ಅನುಮತಿ ನನಗೆ ಬೇಡ ಎಂದು ಅವನೇ ಹೇಳಲಿ. ಸರ್ಕಾರದ ಲ್ಯಾಪ್‌ಟಾಪ್ ಬಿಟ್ಟು ಬೇರೆಯದರಲ್ಲಿ ಕೆಲಸ ಮಾಡಬಾರದು. ಮೆಸೇಜ್ ತಾನಾಗಿ ಅಳಿಸಿಹೋಗುವ ಆ್ಯಪ್‌ನಲ್ಲಿ ಕೆಲಸದ ಮಾತು ಬೇಡವೇ ಬೇಡ. ತನ್ನ ಕೋಡ್ ಎಲ್ಲಿ ತಪ್ಪಬಹುದು ಎಂಬುದನ್ನು ಪಟ್ಟಿಯ ಮೊದಲ ಪುಟದಲ್ಲೇ ಬರೆದು ಮೇಲಿನವರಿಗೆ ಇಮೇಲ್ ಮಾಡಲಿ. ಲವಿಂಗಿಯಾ ಆಮೇಲೆ ಪತ್ರಕರ್ತರಿಗೆ ಹೇಳಿದ ಎಚ್ಚರಿಕೆಯನ್ನು ಇವನು ಮೊದಲೇ ಕಡತದಲ್ಲಿ ಇಡಲಿ. ಇಷ್ಟಕ್ಕೆಲ್ಲ ಒಪ್ಪಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ರಾಜಕೀಯದ ಮುದ್ರೆ ಬೀಳುತ್ತದೆ, ಗವರ್ನರ್ ಬದಲಾದರೆ ತಂಡವೇ ಇರದೆ ಹೋಗಬಹುದು. ಡೋಜ್‌ಗೆ 2026ರ ಜುಲೈ ತನಕ ಅವಧಿ ಇತ್ತು. 2025ರ ನವೆಂಬರ್ ಹೊತ್ತಿಗೇ ಅದು ಒಂದು ಕೇಂದ್ರ ಸಂಸ್ಥೆಯಾಗಿ ಉಳಿದಿಲ್ಲ ಎಂದು ಸಿಬ್ಬಂದಿ ಇಲಾಖೆಯ ಮುಖ್ಯಸ್ಥರೇ ಹೇಳಿದರು.

ನನ್ನನ್ನು ಕೇಳಿದರೆ ಇನ್ನೊಂದು ದಾರಿ ಇದೆ, ಅದು ನನಗೆ ಹೆಚ್ಚು ಇಷ್ಟ. ರಾಜ್ಯದ ಆಡಿಟರ್ ಕಚೇರಿ, ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಕೇಂದ್ರದಲ್ಲಾದರೆ ಜಿಎಒ. 1921ರಲ್ಲಿ ಶುರುವಾದ ಈ ಜಿಎಒ 2024ರ ಒಂದೇ ಆರ್ಥಿಕ ವರ್ಷದಲ್ಲಿ ತನ್ನ ಕೆಲಸದಿಂದ 6,750 ಕೋಟಿ ಡಾಲರ್ ಲಾಭ ಆಗಿದೆ ಎಂದು ಲೆಕ್ಕ ಕೊಟ್ಟಿದೆ. ಅಲ್ಲಿ ಎಐ ಬಳಸುವವರೂ ಬೇಕು. ತಪ್ಪು ಹುಡುಕುವುದಕ್ಕೂ, ಹುಡುಕಿದ್ದು ನಿಜವಾ ಎಂದು ಸಂಬಂಧಪಟ್ಟವರನ್ನು ಕೇಳುವುದಕ್ಕೂ ಅಲ್ಲಿ ಪದ್ಧತಿ ಇದೆ. ಸಂಬಳ ಕಮ್ಮಿ, ಒಂದು ವರದಿಗೆ ವರ್ಷ ಹಿಡಿಯಬಹುದು. 24ರ ಹುಡುಗನಿಗೆ ಬೇಜಾರಾಗಲೂಬಹುದು.

ಮೂರನೆಯದು ಸರ್ಕಾರದ ಸಾಫ್ಟ್‌ವೇರ್ ರಿಪೇರಿ ಮಾಡುವ ಕಚೇರಿಗಳು. ಪೆನ್ಸಿಲ್ವೇನಿಯಾದ ಬೋಯರ್ಸ್ ಎಂಬಲ್ಲಿ ಹಳೇ ಸುಣ್ಣಕಲ್ಲು ಗಣಿ ಒಂದಿದೆ. ಕೇಂದ್ರ ಸರ್ಕಾರದ ನೌಕರರ ನಿವೃತ್ತಿ ಕಾಗದಗಳನ್ನು ದಶಕಗಳಿಂದ ಆ ಗಣಿಯೊಳಗೆ, ನೆಲದ ಕೆಳಗೆ ಕೂತು, ಕೈಯಲ್ಲೇ ವಿಲೇವಾರಿ ಮಾಡುತ್ತಿದ್ದರು. ರಟ್ಟಿನ ಕವರುಗಳು, ಬೀರುಗಳ ಸಾಲು, ಬೀರುವಿಂದ ಬೀರುವಿಗೆ ಕಾಗದ ಹೊತ್ತು ಓಡಾಡುವ ಜನ. ಕಂಪ್ಯೂಟರಿಗೆ ತರುವ ಪ್ರಯತ್ನ 1980ರ ದಶಕದಿಂದ ಹಲವು ಸಲ ಕೈಕೊಟ್ಟಿತ್ತು. ಏರ್‌ಬಿಎನ್‌ಬಿ ಕಟ್ಟಿದವರಲ್ಲಿ ಒಬ್ಬರಾದ ಜೋ ಗೆಬಿಯಾ ಡೋಜ್‌ಗೆ ಬಂದು ಈ ಕೆಲಸಕ್ಕೆ ಕೈಹಾಕಿದರು, 2025ರಲ್ಲಿ ಆನ್‌ಲೈನ್ ಅರ್ಜಿ ವ್ಯಾಪಕವಾಗಿ ಜಾರಿಗೆ ಬಂತು. ಡೋಜ್ ಮಾಡಿದ್ದರಲ್ಲಿ ನಾನು ಮನಸ್ಸು ತುಂಬಿ ಮೆಚ್ಚುವ ಕೆಲಸ ಇದು. ನಮ್ಮಲ್ಲೂ 2000ದ ಹೊತ್ತಿಗೆ ಭೂಮಿ ಯೋಜನೆ ಬಂದಾಗ ಹೀಗೇ ಆಗಿತ್ತು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಅದು ನಿಂತದ್ದು ಗ್ರಾಮ ಲೆಕ್ಕಿಗರನ್ನು ಕೂರಿಸಿಕೊಂಡು ದಾಖಲೆ ತಾಳೆ ನೋಡಿದ್ದರಿಂದ.

ಬೇಡ ಅಂತ ಸಾರಾಸಗಟು ಹೇಳಬೇಡಿ. ಆ ವಯಸ್ಸಿನಲ್ಲಿ ದೊಡ್ಡ ಸಂಬಳ ಬಿಟ್ಟು ಸರ್ಕಾರದ ಕೆಲಸಕ್ಕೆ ಹೋಗಬೇಕು ಅನ್ನಿಸುವುದು ಅಪರೂಪ. ಲವಿಂಗಿಯಾಗೂ ಹಾಗೇ ಅನ್ನಿಸಿತ್ತು. ನೀವೇ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು ಮೇಕರ್-ಚೆಕರ್ ಅಂದರೆ ಏನು, ನಿಮ್ಮ ಬ್ರಾಂಚಿನಲ್ಲಿ ಅದು ಯಾವ ಯಾವ ದಿನ ನಿಮ್ಮನ್ನು ಕಾಪಾಡಿತು ಎಂದು ಹೇಳಿ. ತಾಯಿಯ ಭಯಕ್ಕಿಂತ ಮಾವನ ಅನುಭವಕ್ಕೆ ಅವನು ಕಿವಿ ಕೊಡಬಹುದು. ಮೇಲೆ ಹೇಳಿದ ಪ್ರಶ್ನೆಗಳಿಗೆ ಅವರು ಇಮೇಲ್‌ನಲ್ಲಿ ಉತ್ತರ ಕೊಟ್ಟರೆ ಹೋಗಲಿ. 'ಅದೆಲ್ಲ ಆಮೇಲೆ ನೋಡೋಣ, ಸೋಮವಾರ ಬಂದುಬಿಡು' ಎಂದರೆ ಹೋಗುವುದು ಬೇಡ. ನೇಮಕದ ಪತ್ರ ಕೈಗೆ ಬಂದ ಮೇಲೆ, ಸಹಿ ಹಾಕುವ ಮೊದಲು, ಆ ರಾಜ್ಯದ ಉದ್ಯೋಗ ಕಾನೂನು ಗೊತ್ತಿರುವ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಓದಿಸಲಿ.